ಮತಗಟ್ಟೆಯ ಕೆಲಸವೂ ಪ್ರಸಂಗಬೋಧನೆಯೂ

ಚುನಾವಣೆಯು ಬಂದಿತೆಂದರೆ ಉಪಾಧ್ಯಾಯರಿಗೂ ಇತರ ಸರ್ಕಾರೀ ನೌಕರರಿಗೂ ಮತಗಟ್ಟೆಯ ಕೆಲಸವು ಒದಗುವುದು ಸರ್ವವಿದಿತವಷ್ಟೆ. ನಮ್ಮ ಸೀಮೆಯಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಒಂದೊಂದು ವಿಧಾನಸಭಾ ಕ್ಷೇತ್ರಗಳು. ಹಿಂದಣ ಕೊಟ್ಟೂರು ಕ್ಷೇತ್ರದ ಸ್ಥಾನದಲ್ಲಿ 2008ರಿಂದ ಹಗರಿಬೊಮ್ಮನಹಳ್ಳಿಯ ಕ್ಷೇತ್ರವಿದೆ. 2023ನೆಯ ಮೇ 10ರಂದು ವಿಧಾನಸಭೆಗೂ, 2024ನೆಯ ಮೇ 7ರಂದು ಲೋಕಸಭೆಗೂ ಇಲ್ಲಿ ಮತದಾನವು ನಡೆಯಿತು. ಅಂದು ಅಧ್ಯಕ್ಷಾಧಿಕಾರಿಯಾಗಿ ಕುಳಿತವನು ಮಿಕ್ಕ ದಿನಗಳಲ್ಲಿ ಗಣಿತವನ್ನೋ ವ್ಯಾಕರಣವನ್ನೋ ಹೇಳುವವನು. ಪರಿಚಯವಿಲ್ಲದ ಊರಿನಲ್ಲಿ, ಪಕ್ಷಗಳ ಏಜೆಂಟರ ಕಣ್ಣೆದುರಿಗೆ, ಅವನು ಕ್ಷಣಮಾತ್ರದಲ್ಲಿ ನಿರ್ಣಯವನ್ನು ಹೇಳಬೇಕು. ಮುಂಚಿತವಾಗಿ ತರಬೇತಿಯನ್ನು ಕೊಡುವುದು ಇದಕ್ಕಾಗಿಯೇ.

ಈ ತರಬೇತಿಯಲ್ಲಿ ಕೈಪಿಡಿಯನ್ನು ಆದ್ಯಂತವಾಗಿ ಓದಿಹೇಳುವ ಪದ್ಧತಿಯೊಂದುಂಟು. ಬೇಸಗೆಯ ಮಧ್ಯಾಹ್ನ, ಕೇಳುವವರ ತಲೆಗಳು ಒಂದೊಂದಾಗಿ ಬಾಗುವುವು. (ಮಕ್ಕಳು ಹೀಗೆ ತೂಕಡಿಸಿದರೆ ಬೆಂಚಿನ ಮೇಲೆ ನಿಲ್ಲಿಸುವವರೂ ಇವರೇ!) ನಿಯಮಕ್ಕಿಂತ ಮೊದಲು ಪ್ರಸಂಗವನ್ನು ಎದುರಿಗಿಡಬೇಕೆಂಬುದು ನಮ್ಮ ಅಭಿಪ್ರಾಯ.

ಒಬ್ಬರು ಮುದುಕಿಯಾಗಲಿ, ಒಬ್ಬರು ಏಜೆಂಟರಾಗಲಿ, ಒಬ್ಬರು ಅಧಿಕಾರಿಯಾಗಲಿ. ಮುದುಕಿಯು ಚೀಟಿಯನ್ನು ಹಿಡಿದು ಬಂದೊಡನೆ ಏಜೆಂಟನು, “ಸ್ವಾಮಿ, ಪಟ್ಟಿಯಲ್ಲಿರುವವಳು ಈಕೆಯಲ್ಲ” ಎನ್ನುವನು. ಈಗ ಅಧಿಕಾರಿಯು ಯಾರನ್ನು ಮೊದಲು ಕೇಳಬೇಕು? ಬಹುಮಂದಿಯ ದೃಷ್ಟಿಯು ಮುದುಕಿಯ ಕಡೆಗೆ ತಿರುಗುವುದು. ನಿಯಮವು ಅದಕ್ಕೆ ವಿಪರೀತವಾಗಿದೆ. ಆಕ್ಷೇಪಿಸಿದವನು ಎರಡು ರೂಪಾಯಿಗಳನ್ನು ಠೇವಣಿಯಿಟ್ಟು, ತನ್ನ ಆಧಾರವನ್ನು ತಾನೇ ಮೊದಲು ತೋರಿಸಬೇಕು. ಆಧಾರವಿಲ್ಲದಿದ್ದರೆ ಆಕ್ಷೇಪವು ಅಲ್ಲಿಗೇ ಬಿತ್ತು. ಮುದುಕಿಯು ಮತವನ್ನು ಕೊಡುವಳು. ಆಧಾರವು ಮೇಲ್ನೋಟಕ್ಕೆ ನಿಜವೆಂದು ಕಂಡಾಗ ಮಾತ್ರ ಆಕೆಯು ಉತ್ತರ ಹೇಳಬೇಕಾದುದು. ಹತ್ತು ಜನರೆದುರಿಗೆ ಒಮ್ಮೆ ತಪ್ಪಿ ನಡೆದವನು ಈ ಕ್ರಮವನ್ನು ಮರೆಯಲಾರನು.

ಇನ್ನೊಂದು ಪ್ರಸಂಗವು ಇದಕ್ಕಿಂತಲೂ ಕಠಿಣ. ಒಬ್ಬ ರೈತನು ಬರುವನು. ಅವನ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿ ಹೋಗಿರುವರು. ಹಿಂದಕ್ಕೆ ಕಳುಹಿಸಿದರೆ ಅನ್ಯಾಯ. ಯಂತ್ರದ ಗುಂಡಿಯನ್ನು ಒತ್ತಿಸಿದರೆ ನಿಯಮಭಂಗ. ವಿಚಾರಿಸಿ, ಅವನೇ ನಿಜವಾದ ಮತದಾರನೆಂದು ಮನಗಂಡರೆ, ಟೆಂಡರ್ ಮತವೆಂದು ಕಾಗದದ ಮತಪತ್ರವನ್ನು ಕೊಡಬೇಕು. ಆದರೆ ಅದು ಸಾಮಾನ್ಯವಾಗಿ ಎಣಿಕೆಗೆ ಸೇರುವುದಿಲ್ಲ! ಈ ಮಾತನ್ನು ಬಿಸಿಲಿನಲ್ಲಿ ನಿಂತು ಬಂದವನಿಗೆ ಹೇಗೆ ತಿಳಿಯಹೇಳುವುದು? ಕೈಪಿಡಿಯಲ್ಲಿ ಅದಕ್ಕೆ ಪಾಠವಿಲ್ಲ. ಬಾಯಿಬಿಟ್ಟು ಆಡಿ ನೋಡಿದಾಗಲೇ ಅದರ ಕಷ್ಟವು ತಿಳಿಯುವುದು. ಓದುಗರೂ ಮತದಾರರೇ ಆದುದರಿಂದ ಈ ಎರಡು ವಿಧಿಗಳನ್ನು ಅರಿತಿರುವುದು ಲೇಸು.

ಈ ಮಾರ್ಗವೇನೂ ನೂತನವಲ್ಲ. ಪಂಚತಂತ್ರದ ವಿಷ್ಣುಶರ್ಮನು ಅಮರಶಕ್ತಿರಾಜನ ಮಂದಮತಿಗಳಾದ ಮಕ್ಕಳಿಗೆ ರಾಜನೀತಿಯನ್ನು ಕಥಾಪ್ರಸಂಗಗಳಿಂದಲೇ ಕಲಿಸಿದನಲ್ಲವೆ? ಅದನ್ನು ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದನು. ವಿಷ್ಣುಶರ್ಮನಿಗಾದರೋ ಆರು ತಿಂಗಳ ಅವಧಿಯಿದ್ದಿತು. ನಮ್ಮ ಬೋಧಕರಿಗೆ ಒಂದು ದಿನವೂ ಪೂರ್ತಿ ಸಿಕ್ಕುವುದಿಲ್ಲ. ಆದಕಾರಣ ಹತ್ತಾರು ಪ್ರಸಂಗಗಳ ಆಸೆಯನ್ನು ಬಿಟ್ಟು ಮೂರನ್ನೇ ಆರಿಸುವುದು ಯುಕ್ತ.

ಆ ಮೂರನೆಯದು ಅಣಕು ಮತದಾನವಾಗಿರಲಿ. ಮತದಾನಕ್ಕೆ 90 ನಿಮಿಷಗಳ ಮುಂಚೆ ಏಜೆಂಟರೆದುರಿಗೆ ಕನಿಷ್ಠ 50 ಮತಗಳನ್ನು ಹಾಕಿಸಿ, ಯಂತ್ರದ ಲೆಕ್ಕವನ್ನು ವಿವಿಪ್ಯಾಟ್ ಚೀಟಿಗಳೊಡನೆ ತಾಳೆ ನೋಡಿ, ಬಳಿಕ ಆ ಮತಗಳನ್ನು ಅಳಿಸಬೇಕು. ಅಳಿಸಲು ಮರೆತರೆ ಎಣಿಕೆಯ ದಿನ ಆ ಯಂತ್ರವನ್ನು ಬದಿಗಿಡಬೇಕಾಗುವುದು. ಒಂದು ಹಳ್ಳಿಯ ಮತಗಳೆಲ್ಲ ತೂಗುಯ್ಯಾಲೆಯಲ್ಲಿ ನಿಂತಂತೆ. ಅಭ್ಯಾಸದಲ್ಲಿ ಯಂತ್ರವನ್ನು ಪ್ರತಿಯೊಬ್ಬನ ಕೈಗೂ ಕೊಡಬೇಕು. ಅವನು ಚೀಟಿಗಳನ್ನು ಎಣಿಸಿ ಮುಗಿಸುವಷ್ಟರಲ್ಲಿ ಬೋಧಕನು ತಡವಾಗಿ ಬಂದ ಏಜೆಂಟನ ವೇಷದಲ್ಲಿ ಜಗಳವನ್ನು ತೆಗೆಯಲಿ, ಹೊರಗೆ ಸಾಲಿನವರಾಗಿ ನಿಂತವರು “ಹೊತ್ತಾಯಿತು!” ಎಂದು ಕೂಗಲಿ. ಆ ಗಲಭೆಯ ನಡುವೆ ಬೆರಳು ಅಳಿಸುವ ಗುಂಡಿಯ ಮೇಲೆ ಹೋಗುವುದೋ ಇಲ್ಲವೋ ನೋಡೋಣ.