ಗಣಕಯಂತ್ರದ ಸಪ್ಪಳವೂ ಮನೆಯ ಚಿತ್ರಮಂದಿರವೂ

ಒಂದು ಕಂಪ್ಯೂಟರನ್ನು ದೊಡ್ಡ ಟಿ.ವಿ. ಪರದೆಗೂ ಧ್ವನಿಪೆಟ್ಟಿಗೆಗಳಿಗೂ ಜೋಡಿಸಿ, ಚಲನಚಿತ್ರ, ಸಂಗೀತ, ಪಾಠ, ಭಾಷಣಗಳನ್ನು ಮನೆಮಂದಿಯೆಲ್ಲ ಕೂಡಿ ನೋಡುವ ರೂಢಿ ಇಂದು ಅನೇಕ ಕುಟುಂಬಗಳಲ್ಲಿ ಬೆಳೆದಿದೆ. ಇದನ್ನು ಮನೆಯ ಚಿತ್ರಮಂದಿರವೆಂದು ಕರೆಯಬಹುದು. ಈ ಏರ್ಪಾಟಿನಲ್ಲಿ ಒಂದು ಕೊರತೆಯುಂಟು. ಚಿತ್ರದಲ್ಲಿ ಮೌನವಿರುವಾಗ, ಅಥವಾ ಗಾಯಕನು ಮೆಲುದನಿಯಲ್ಲಿ ಸ್ವರ ಹಿಡಿದಾಗ, ಕಂಪ್ಯೂಟರಿನೊಳಗಿನ ಫ್ಯಾನು ‘ಭರ್ರ್’ ಎಂದು ಮೊರೆಯುತ್ತಿರುತ್ತದೆ. ಈ ಸಪ್ಪಳವು ಎಲ್ಲಿಂದ ಹುಟ್ಟುತ್ತದೆ, ಅದರಿಂದ ಆಗುವ ಹಾನಿಯೇನು, ಅದನ್ನು ತಗ್ಗಿಸುವ ಸರಿಯಾದ ಕ್ರಮ ಯಾವುದು ಎಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಸಪ್ಪಳದಿಂದ ಆಗುವ ಹಾನಿ

ಶಬ್ದದ ಮಟ್ಟವನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. ಪಿಸುಮಾತು ಸುಮಾರು ೩೦ ಡೆಸಿಬೆಲ್, ಸಾಧಾರಣ ಸಂಭಾಷಣೆ ಸುಮಾರು ೬೦ ಡೆಸಿಬೆಲ್. ಈ ಮಾನದ ಲೆಕ್ಕ ಮಾರುಕೋಲಿನ ಲೆಕ್ಕದಂತಲ್ಲ. ೧೦ ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿಯು ಹತ್ತು ಪಟ್ಟಾಯಿತೆಂದು ಅರ್ಥ. ಕಿವಿಗೆ ಮಾತ್ರ ಅದು ಸುಮಾರು ಎರಡು ಪಟ್ಟಾದಂತೆ ಕೇಳುತ್ತದೆ. ಭಾರತ ಸರಕಾರದ ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ವಸತಿ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ. ಶಾಲೆಯ ತರಗತಿಯಲ್ಲಿ ಹಿನ್ನೆಲೆಯ ಸದ್ದು ೩೫ ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೧೯೯೯ರಲ್ಲಿ ಸೂಚಿಸಿತು. ಮಾತು ಪೂರ್ಣವಾಗಿ ತಿಳಿಯಬೇಕಾದರೆ ಅದು ಹಿನ್ನೆಲೆಯ ಸದ್ದಿಗಿಂತ ಸುಮಾರು ೧೫ ಡೆಸಿಬೆಲ್ ಮೇಲಿರಬೇಕು.

ಫ್ಯಾನಿನ ಸದ್ದಿನಲ್ಲಿ ಗಾಳಿಯ ‘ಹುಸ್ಸ್’ ಎಂಬ ಉಸಿರಿನ ಅಂಶವು ಬಹಳ. ನಮ್ಮ ವರ್ಣಮಾಲೆಯ ಮಹಾಪ್ರಾಣಗಳೂ, ಸ, ಶ, ಹ ಮುಂತಾದ ಅಕ್ಷರಗಳೂ ಉಸಿರಿನ ಬಲದಿಂದಲೇ ಹುಟ್ಟುವಂಥವು. ಆದುದರಿಂದ ಫ್ಯಾನಿನ ಉಸಿರು ಮೊದಲು ನುಂಗುವುದು ಇವುಗಳನ್ನೇ. ‘ಕರ’ ಎಂದರೋ ‘ಖರ’ ಎಂದರೋ, ‘ಸಂಕೆ’ಯೋ ‘ಶಂಕೆ’ಯೋ ಕೇಳುವವನಿಗೆ ತಿಳಿಯದು. ಬಲ್ಲವರು ಸಂದರ್ಭದಿಂದ ಊಹಿಸಿಕೊಳ್ಳುತ್ತಾರೆ; ಕಲಿಯುವ ಮಗು ಏನನ್ನು ಊಹಿಸಬೇಕು? ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದಂಥ ಊರುಗಳಲ್ಲಿ ಬೀದಿಯ ಭಾಷೆ ಮರಾಠಿ. ಇಲ್ಲಿಯ ಕನ್ನಡ ಮಗುವಿಗೆ ಗ್ರಂಥಕನ್ನಡದ ಶುದ್ಧ ಉಚ್ಚಾರವು ಶಾಲೆಯಲ್ಲಿಯೂ, ಮನೆಯಲ್ಲಿ ಕೇಳುವ ಪಾಠ ಹಾಡುಗಳಲ್ಲಿಯೂ ದೊರೆಯತಕ್ಕದ್ದು. ಆ ಅಲ್ಪ ಭಾಗವನ್ನೂ ಯಂತ್ರದ ಸಪ್ಪಳಕ್ಕೆ ಬಿಟ್ಟುಕೊಡುವುದು ದೊಡ್ಡ ನಷ್ಟವೇ ಸರಿ.

ಸಪ್ಪಳವನ್ನು ಮೀರಿಸಲು ಧ್ವನಿಯನ್ನೇ ಏರಿಸಿದರಾಯಿತೆಂದು ಕೆಲವರು ಹೇಳಬಹುದು. ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗವು ೧೯೦೪ರಲ್ಲಿ ಬಂದಿತು. ಇಂದು ಆ ನಗರದ ಅನ್ನವೇ ಮಗ್ಗ. ಲಾಳಿಯನ್ನು ಹೊಡೆದಟ್ಟುವ ಮಗ್ಗಗಳ ಶೆಡ್ಡಿನಲ್ಲಿ ಸದ್ದು ೯೦ ಡೆಸಿಬೆಲ್ ದಾಟುವುದು ಸಾಮಾನ್ಯ. ಅಂಥಲ್ಲಿ ದುಡಿದು ಬಂದ ಕಿವಿಗೆ ಮನೆಯಲ್ಲಾದರೂ ವಿಶ್ರಾಂತಿ ಬೇಡವೇ? ತಂದೆಯ ದಣಿದ ಕಿವಿಗೆ ಕೇಳಲೆಂದು ಏರಿಸಿದ ಧ್ವನಿಯು ಪಕ್ಕದಲ್ಲಿ ಕುಳಿತ ಮಗುವಿನ ಕಿವಿಗೂ ಬೀಳುತ್ತದೆ. ಅತಿಯಾದ ಶಬ್ದದಿಂದ ಒಳಗಿವಿಯ ಸೂಕ್ಷ್ಮ ಕೋಶಗಳು ನಾಶವಾದರೆ ಅವು ಮರಳಿ ಬೆಳೆಯುವುದಿಲ್ಲ. ಇನ್ನು ಗಡಹಿಂಗ್ಲಜದ ಸುತ್ತಲಿನ ಹಳ್ಳಿಗಳಲ್ಲಿ ರಾತ್ರಿ ಎಷ್ಟು ಶಾಂತವೆಂದರೆ, ಮಗ್ಗದ ಓಣಿಯಲ್ಲಿ ಯಾರ ಲಕ್ಷ್ಯಕ್ಕೂ ಬಾರದ ಸಣ್ಣ ಫ್ಯಾನು ಅಲ್ಲಿ ಎದ್ದು ಕೇಳುತ್ತದೆ. ಒಂದೆಡೆ ಸಪ್ಪಳವು ಮರೆಯಲ್ಲಿದ್ದು ಕೆಡಿಸುತ್ತದೆ. ಇನ್ನೊಂದೆಡೆ ಎದುರು ನಿಂತು ಕೆಡಿಸುತ್ತದೆ.

ಕೊಲ್ಹಾಪುರದ ಚಿತ್ರಶಾಲೆಯ ಪಾಠ

ಯಂತ್ರದ ಸಪ್ಪಳವನ್ನು ಚಿತ್ರದ ಮಾತಿನಿಂದ ದೂರವಿಡುವ ಪ್ರಶ್ನೆ ಹೊಸತಲ್ಲ. ೧೯೨೯ರಲ್ಲಿ ಕೊಲ್ಹಾಪುರದಲ್ಲಿ ವಿ. ಶಾಂತಾರಾಮರೂ ಅವರ ಸಂಗಡಿಗರೂ ಪ್ರಭಾತ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದಾಗ ಅವರ ಚಿತ್ರಗಳು ಮೂಕಚಿತ್ರಗಳು. ಕ್ಯಾಮರಾ ಎಷ್ಟು ಕಟಕಟಿಸಿದರೂ ಪ್ರೇಕ್ಷಕನಿಗೆ ಅದರ ಬಾಧೆಯಿರಲಿಲ್ಲ. ೧೯೩೨ರಲ್ಲಿ ಇದೇ ಕಂಪನಿಯು ‘ಅಯೋಧ್ಯೇಚಾ ರಾಜಾ’ ಎಂಬ ವಾಕ್ಚಿತ್ರವನ್ನು ಹೊರತಂದಿತು. ವಾಕ್ಚಿತ್ರಗಳು ಬಂದೊಡನೆ ಜಗತ್ತಿನ ಚಿತ್ರಶಾಲೆಗಳಿಗೆಲ್ಲ ಒಂದೇ ತೊಡಕು ಎದುರಾಯಿತು: ನಟನ ಮಾತನ್ನು ಹಿಡಿಯುವ ಮೈಕು ಕ್ಯಾಮರಾದ ಸದ್ದನ್ನೂ ಹಿಡಿಯುತ್ತಿತ್ತು. ಆರಂಭದಲ್ಲಿ ಹಾಲಿವುಡ್ಡಿನಲ್ಲಿ ಕ್ಯಾಮರಾವನ್ನೂ ಛಾಯಾಗ್ರಾಹಕನನ್ನೂ ಗಾಜಿನ ಕಿಟಕಿಯುಳ್ಳ ಸಣ್ಣ ಗೂಡಿನಲ್ಲಿ ಮುಚ್ಚಿಡುತ್ತಿದ್ದರು. ಸದ್ದು ಒಳಗೇ ನಿಂತಿತು. ಆದರೆ ಸೆಕೆಯಿಂದ ಒಳಗಿದ್ದವನು ಬೆಂದುಹೋದನು. ಬಳಿಕ ಕ್ಯಾಮರಾಕ್ಕೆ ಮಾತ್ರ ಮೆತ್ತೆಯ ಹೊದಿಕೆ ತೊಡಿಸುವ ಉಪಾಯ ಬಂದಿತು.

ಕ್ಯಾಮರಾಕ್ಕೆ ಹೊದಿಕೆ ಸಾಧ್ಯವಾದುದೇಕೆ? ಅದರೊಳಗೆ ಹುಟ್ಟುವ ಶಾಖ ಅತ್ಯಲ್ಪ. ಕಂಪ್ಯೂಟರಿನ ಪ್ರಕೃತಿ ಬೇರೆ. ಅದನ್ನು ಮುಚ್ಚಿದರೆ ಗೂಡಿನಲ್ಲಿ ಸಿಕ್ಕ ಛಾಯಾಗ್ರಾಹಕನ ಗತಿಯೇ ಅದಕ್ಕೂ ಆಗುತ್ತದೆ.

ಫ್ಯಾನು ಏಕೆ ಬೇಕು?

ಕಂಪ್ಯೂಟರು ಸೇವಿಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿ ಪರಿಣಮಿಸುತ್ತದೆ. ಮೇಜಿನ ಕಂಪ್ಯೂಟರಿನ ಪ್ರೊಸೆಸರ್ ಎಂಬ ಚಿಪ್ಪು ಭರದಿಂದ ಕೆಲಸ ಮಾಡುವಾಗ ೬೫ ವ್ಯಾಟ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ತನ್ನು ಬಳಸಬಹುದು. ಹಳೆಯ ೬೦ ವ್ಯಾಟಿನ ಬಲ್ಬು ಎಷ್ಟು ಸುಡುತ್ತಿತ್ತೆಂಬುದನ್ನು ಹಿರಿಯರು ಬಲ್ಲರು. ಅಷ್ಟು ಶಾಖವು ಇಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಅದನ್ನು ಹೀರಲು ಚಿಪ್ಪಿನ ಮೇಲೆ ಲೋಹದ ತೆಳು ಹಲ್ಲುಗಳುಳ್ಳ ಹೀಟ್ ಸಿಂಕನ್ನು ಕೂರಿಸಿ, ಆ ಹಲ್ಲುಗಳ ನಡುವೆ ಗಾಳಿಯಾಡಿಸಲು ಫ್ಯಾನನ್ನು ಇಟ್ಟಿರುತ್ತಾರೆ. ಉಷ್ಣತೆಯು ೧೦೦ ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಬಂದರೆ ಸಾಮಾನ್ಯವಾಗಿ ಪ್ರೊಸೆಸರು ತನ್ನ ವೇಗವನ್ನು ತಾನೇ ಕುಗ್ಗಿಸುತ್ತದೆ. ಇನ್ನೂ ಏರಿದರೆ ಯಂತ್ರವು ನಿಂತುಹೋಗುತ್ತದೆ.

ಹೀಗಾಗಿ ಫ್ಯಾನು ವೈರಿಯಲ್ಲ, ಸೇವಕ. ಸೇವಕನು ಏದುಸಿರು ಬಿಡುತ್ತಿದ್ದರೆ ಅವನ ಬಾಯಿ ಮುಚ್ಚುವುದು ವಿವೇಕವಲ್ಲ. ಅವನ ಹೊರೆಯನ್ನು ಇಳಿಸಬೇಕು. ಮುಂದೆ ಹೇಳುವ ಉಪಾಯಗಳೆಲ್ಲ ಈ ಒಂದು ತತ್ತ್ವದಿಂದಲೇ ಹೊರಟವು.

ಮೊದಲ ಉಪಾಯ: ಶಾಖವನ್ನು ಕಡಿಮೆ ಮಾಡುವುದು

ಚಲನಚಿತ್ರವು ಕಂಪ್ಯೂಟರಿನಲ್ಲಿ ಬಿಗಿಯಾಗಿ ಮಡಿಚಿದ ಬಟ್ಟೆಯಂತೆ ಕಿರಿದಾಗಿ ಕುಳಿತಿರುತ್ತದೆ. ನೋಡುವಾಗ ಅದನ್ನು ಕ್ಷಣಕ್ಷಣಕ್ಕೂ ಬಿಡಿಸಬೇಕು. ಪ್ರೊಸೆಸರು ಒಂದೇ ಈ ಕೆಲಸ ಮಾಡಿದರೆ ಬಹಳ ಕಾಯುತ್ತದೆ. ಈಚಿನ ಯಂತ್ರಗಳಲ್ಲಿ ಈ ಕೆಲಸಕ್ಕಾಗಿಯೇ ಚಿತ್ರವಿಭಾಗದಲ್ಲಿ ಪ್ರತ್ಯೇಕ ಏರ್ಪಾಟಿದ್ದು, ಅದು ಸ್ವಲ್ಪ ವಿದ್ಯುತ್ತಿನಲ್ಲಿಯೇ ಅದನ್ನು ಪೂರೈಸುತ್ತದೆ. ಚಿತ್ರ ತೋರಿಸುವ ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಎಂಬುದನ್ನು ಚಾಲೂ ಮಾಡಿದರೆ ಸಾಕು. ಇದಕ್ಕೆ ಕಾಸಿನ ಖರ್ಚೂ ಇಲ್ಲ. ತಿರುಗುವ ತಟ್ಟೆಯುಳ್ಳ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಿಸಿದರೆ, ಅದರಲ್ಲಿ ಚಲಿಸುವ ಭಾಗವೇ ಇಲ್ಲದ್ದರಿಂದ ಒಂದು ಸಪ್ಪಳವು ಪೂರ್ತಿಯಾಗಿ ಇಲ್ಲವಾಗುತ್ತದೆ. ಹೊಸದಾಗಿ ಕೊಳ್ಳುವವರು ಕಡಿಮೆ ವ್ಯಾಟಿನ ಯಂತ್ರವನ್ನೇ ಆರಿಸಬೇಕು. ೬ರಿಂದ ೧೫ ವ್ಯಾಟಿನ ಪ್ರೊಸೆಸರುಗಳು ಚಿತ್ರ ನೋಡುವ ಕೆಲಸಕ್ಕೆ ಸಾಕಾಗುತ್ತವೆ. ಇಂಥ ಕೆಲವು ಯಂತ್ರಗಳಿಗೆ ಫ್ಯಾನೇ ಇರುವುದಿಲ್ಲ.

ಎರಡನೆಯ ಉಪಾಯ: ಗಾಳಿಯ ದಾರಿಯನ್ನು ತೆರೆಯುವುದು

ಮಗ್ಗದ ಊರಿನಲ್ಲಿ ಗಾಳಿಯಲ್ಲಿಯೇ ಹತ್ತಿಯ ನವಿರು ತೇಲುತ್ತಿರುತ್ತದೆ. ಅದು ಹೀಟ್ ಸಿಂಕಿನ ಹಲ್ಲುಗಳ ನಡುವೆ ಸೇರಿ ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಗಾಳಿ ಹೊಗುವುದಿಲ್ಲ, ಶಾಖ ಏರುತ್ತದೆ, ಫ್ಯಾನು ವೇಗ ಹೆಚ್ಚಿಸುತ್ತದೆ. ಹೊಸತಿದ್ದಾಗ ಮೌನವಾಗಿದ್ದ ಯಂತ್ರವು ವರ್ಷದೊಳಗೆ ಗದ್ದಲ ಮಾಡತೊಡಗಿದರೆ ಮೊದಲು ಶಂಕಿಸಬೇಕಾದುದು ಇದನ್ನೇ.

ಶುಚಿ ಮಾಡುವಾಗ ಹಿರಿಯರು ಜೊತೆಗಿರಬೇಕು. ಯಂತ್ರವನ್ನು ಆರಿಸಿ, ಪ್ಲಗ್ಗು ಕಿತ್ತು, ಅಂಗಳಕ್ಕೆ ಒಯ್ದು, ಒಣಗಿದ ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆಯಬೇಕು. ಗಾಳಿ ಊದುವುದಾದರೆ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಕೆಡಬಹುದು. ಒದ್ದೆ ಬಟ್ಟೆ ಸಲ್ಲದು. ವಿದ್ಯುತ್ ಪೂರೈಸುವ ಪವರ್ ಸಪ್ಲೈ ಡಬ್ಬಿಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಬಳಿಕವೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಯಂತ್ರ ಹಳೆಯದಾಗಿದ್ದರೆ, ಚಿಪ್ಪಿಗೂ ಹೀಟ್ ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟು ಒಣಗಿರಬಹುದು. ಅದನ್ನು ಬಲ್ಲವರಿಂದ ಹೊಸದಾಗಿ ಹಚ್ಚಿಸಬೇಕು.

ಯಂತ್ರವನ್ನು ಬಾಗಿಲಿನ ಕಪಾಟಿನಲ್ಲಿಡುವುದು, ಗೋಡೆಗೆ ಒತ್ತಿಸಿಡುವುದು ತಪ್ಪು. ಹಿಂದೆ ಒಂದು ಗೇಣು ಜಾಗ ಬಿಡಬೇಕು. ನೆಲದ ಮೇಲೆ ನವಿರು ಹೆಚ್ಚಾಗಿರುವುದರಿಂದ ಎತ್ತರದಲ್ಲಿಟ್ಟರೆ ಒಳಿತು. ಕೋಣೆಯ ಗೋಡೆಗೆ ಕೌದಿಯನ್ನೋ ದಪ್ಪ ಪರದೆಯನ್ನೋ ಇಳಿಬಿಟ್ಟರೆ ಪ್ರತಿಧ್ವನಿ ಕಡಿಮೆಯಾಗಿ ಮಾತು ಸ್ಪಷ್ಟವಾಗುತ್ತದೆ. ಕೌದಿ ಗೋಡೆಗಿರಲಿ, ಯಂತ್ರಕ್ಕೆ ಬೇಡ.

ಮೂರನೆಯ ಉಪಾಯ: ದೊಡ್ಡ ಫ್ಯಾನು, ನಿಧಾನ ಗತಿ

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸೊಗಸಾದ ಗಣಿತವಿದೆ. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಅದು ತಳ್ಳುವ ಗಾಳಿಯೂ ಅರ್ಧವಾಗುತ್ತದೆ. ಆದರೆ ಅದರ ಸದ್ದಿನ ಶಕ್ತಿಯು ವೇಗದ ಐದನೆಯ ಘಾತಕ್ಕೆ ಅನುಸಾರವಾಗಿರುವುದರಿಂದ ಅದು ೩೨ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಡೆಸಿಬೆಲ್ಲಿನಲ್ಲಿ ಹೇಳುವುದಾದರೆ ಸುಮಾರು ೧೫ ಕಡಿಮೆ. ಗಾಳಿ ಅರ್ಧವಾಯಿತಲ್ಲ ಎಂದರೆ, ಅಂಥದೇ ಇನ್ನೊಂದು ಫ್ಯಾನನ್ನು ಪಕ್ಕದಲ್ಲಿ ಕೂಡಿಸೋಣ. ಸಮಾನವಾದ ಎರಡು ಸದ್ದುಗಳು ಕೂಡಿದರೆ ಏರುವುದು ೩ ಡೆಸಿಬೆಲ್ ಮಾತ್ರ. ಗಾಳಿ ಮೊದಲಿನಷ್ಟೇ ಆಯಿತು. ಸದ್ದು ಮಾತ್ರ ೧೨ ಡೆಸಿಬೆಲ್ ಇಳಿಯಿತು. ಒಬ್ಬನನ್ನು ಓಡಿಸುವುದಕ್ಕಿಂತ ಇಬ್ಬರನ್ನು ನಡೆಸುವುದು ಲೇಸು.

ಎರಡರ ಬದಲು ಒಂದೇ ದೊಡ್ಡ ಫ್ಯಾನನ್ನು ಹಾಕಿದರೂ ಆದೀತು. ಒಂದೇ ಆಕಾರದ ಫ್ಯಾನುಗಳು ಒಂದೇ ವೇಗದಲ್ಲಿ ತಿರುಗಿದರೆ, ಅವು ತಳ್ಳುವ ಗಾಳಿಯು ಅಗಲದ ಘನಕ್ಕೆ ಅನುಸಾರವಾಗಿರುತ್ತದೆ. ೮ ಸೆಂಟಿಮೀಟರ್ ಫ್ಯಾನಿಗಿಂತ ೧೨ ಸೆಂಟಿಮೀಟರಿನದು ಒಂದೂವರೆ ಪಟ್ಟು ದೊಡ್ಡದು. ಒಂದೂವರೆಯ ಘನವೆಂದರೆ ೩.೩೭೫. ಚಿಕ್ಕದು ನಿಮಿಷಕ್ಕೆ ೨೪೦೦ ಸುತ್ತು ತಿರುಗಿ ಮಾಡುವ ಕೆಲಸವನ್ನು ದೊಡ್ಡದು ಸುಮಾರು ೭೦೦ ಸುತ್ತಿನಲ್ಲಿ ಮಾಡುತ್ತದೆ. ಕೊಳ್ಳುವ ಮುನ್ನ ಪೆಟ್ಟಿಗೆಯಲ್ಲಿ ಅದಕ್ಕೆ ಸ್ಥಳವಿದೆಯೇ ಎಂದು ಅಳೆದು ನೋಡತಕ್ಕದ್ದು.

ನಾಲ್ಕು ಸೂಜಿಯ ಪ್ಲಗ್ಗುಳ್ಳ ಫ್ಯಾನುಗಳ ವೇಗವನ್ನು ಕಂಪ್ಯೂಟರೇ ಉಷ್ಣತೆಗೆ ತಕ್ಕಂತೆ ಏರಿಳಿಸಬಲ್ಲದು. ಇದರ ಏರ್ಪಾಟು ಬಯೋಸ್ ಎಂಬ ಪುಟದಲ್ಲಿರುತ್ತದೆ. ಜನವರಿಯ ಚಳಿಯಲ್ಲಿ ಹಿತವೆನಿಸಿದ ವೇಗವು ಏಪ್ರಿಲ್ ಬಿಸಿಲಿನಲ್ಲಿ ಸಾಲದೆ ಹೋಗಬಹುದಾದ್ದರಿಂದ ಬೇಸಿಗೆಯಲ್ಲಿ ಉಷ್ಣತೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ನಾಲ್ಕನೆಯ ಉಪಾಯ: ನಡುಕವನ್ನು ತಡೆಯುವುದು

ಕೆಲವೊಮ್ಮೆ ಫ್ಯಾನಿನ ಸದ್ದಿಗಿಂತ ಪೆಟ್ಟಿಗೆಯ ಸದ್ದೇ ದೊಡ್ಡದು. ತಂಬೂರಿಯ ತಂತಿಯ ಸಣ್ಣ ಸ್ವರವನ್ನು ಕೆಳಗಿನ ಬುರುಡೆ ಹೇಗೆ ಹಿರಿದು ಮಾಡುತ್ತದೆಯೋ ಹಾಗೆಯೇ ಫ್ಯಾನಿನ ನಡುಕವನ್ನು ತಗಡಿನ ಪೆಟ್ಟಿಗೆಯೂ ಪೊಳ್ಳು ಮೇಜೂ ಹಿರಿದು ಮಾಡುತ್ತವೆ. ಪೆಟ್ಟಿಗೆಯ ಹೊರಮೈಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿರಿ. ಸದ್ದು ಇಳಿದರೆ ದೋಷ ನಡುಕದ್ದು. ಸಡಿಲವಾದ ಸ್ಕ್ರೂಗಳನ್ನು ಬಿಗಿದು, ಫ್ಯಾನಿಗೆ ರಬ್ಬರಿನ ಗೂಟಗಳನ್ನು ಹಾಕಿಸಿ, ಪೆಟ್ಟಿಗೆಯ ಕೆಳಗೆ ರಬ್ಬರಿನ ಪಾದಗಳನ್ನು ಇಟ್ಟರೆ ಅದು ಶಮನವಾಗುತ್ತದೆ.

ಸದ್ದು ಎಲ್ಲಿಂದ ಬರುತ್ತದೆಂದು ತಿಳಿಯದಿದ್ದರೆ ಕಾಗದದ ಕೊಳವೆ ಮಾಡಿ, ಮುಚ್ಚಿದ ಪೆಟ್ಟಿಗೆಯ ಹೊರಗಿನಿಂದ ಒಂದೊಂದು ಭಾಗಕ್ಕೂ ಹಿಡಿದು ಆಲಿಸಬೇಕು. ೧೮೧೬ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ರೋಗಿಯ ಎದೆಬಡಿತ ಕೇಳಲು ಕಾಗದವನ್ನೇ ಸುತ್ತಿ ಕೊಳವೆ ಮಾಡಿಕೊಂಡನು. ಸ್ಟೆತೋಸ್ಕೋಪು ಹುಟ್ಟಿದ್ದು ಹಾಗೆ. ಕೊಳವೆಯಲ್ಲಿ ಕರಕರ ಸದ್ದು ಕೇಳಿದರೆ ಆ ಫ್ಯಾನಿನ ಬೇರಿಂಗು ಸವೆದಿದೆಯೆಂದು ತಿಳಿಯಬೇಕು. ಅದಕ್ಕೆ ಕೊಬ್ಬರಿ ಎಣ್ಣೆ ಬಿಡುವುದು ಮದ್ದಲ್ಲ. ಅದು ಜಿಡ್ಡಾಗಿ ನವಿರನ್ನು ಹಿಡಿಯುತ್ತದೆ. ಹೊಸ ಫ್ಯಾನು ಹಾಕಿಸುವುದೇ ಸರಿ.

ಕ್ರಮವೇ ಮುಖ್ಯ

ಹಣ ಖರ್ಚು ಮಾಡುವ ಮುನ್ನ ಖರ್ಚಿಲ್ಲದ ಕೆಲಸಗಳನ್ನು ಮುಗಿಸಬೇಕು. ಮೊದಲು ಧೂಳು ತೆಗೆಯುವುದು, ಬಳಿಕ ಸ್ಥಳ ಬದಲಿಸುವುದು, ಆಮೇಲೆ ಸೆಟ್ಟಿಂಗು ತಿದ್ದುವುದು, ತರುವಾಯ ರಬ್ಬರು, ಅನಂತರ ಫ್ಯಾನು, ಕಟ್ಟಕಡೆಗೆ ಹೊಸ ಯಂತ್ರ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರಿಣಾಮವನ್ನು ವಹಿಯಲ್ಲಿ ಬರೆದಿಟ್ಟರೆ, ಯಾವ ಉಪಾಯದಿಂದ ಎಷ್ಟು ಗುಣವಾಯಿತೆಂದು ತಿಳಿಯುತ್ತದೆ. ವಿಜ್ಞಾನದ ಅಭ್ಯಾಸವೆಂದರೆ ಇದೇ. ಮೇಲ್ತರಗತಿಯ ವಿದ್ಯಾರ್ಥಿಗಳು ಬರುವ ರಜೆಯಲ್ಲಿ ಪಾಲಕರೊಡನೆ ಕುಳಿತು ಇದನ್ನು ಮಾಡಿ ನೋಡಲಿ.

ಸಪ್ಪಳವು ಕಾರ್ಯ, ಶಾಖ, ಧೂಳು, ವೇಗ, ನಡುಕಗಳು ಅದರ ಕಾರಣಗಳು. ಕಾರಣವನ್ನು ಬಿಟ್ಟು ಕಾರ್ಯವನ್ನು ಅಡಗಿಸಹೋದರೆ ಯಂತ್ರ ಕೆಡುತ್ತದೆ; ಸದ್ದಿನ ಮೇಲೆ ಸದ್ದು ಹೇರಿದರೆ ಕಿವಿ ಕೆಡುತ್ತದೆ. ಯಂತ್ರವನ್ನು ಮರಳಿ ಕೊಳ್ಳಬಹುದು, ಕಿವಿಯನ್ನು ಕೊಳ್ಳಲಾಗದು. ನಮ್ಮ ಮಕ್ಕಳು ‘ಕ’ಕಾರ ‘ಖ’ಕಾರಗಳ ಭೇದವನ್ನು ತಿಳಿಯಾಗಿ ಕೇಳುವಷ್ಟು ನಿಶ್ಶಬ್ದವು ಪ್ರತಿಯೊಂದು ಮನೆಯಲ್ಲಿಯೂ ಇರಲಿ.