‘ಬರೀ ಗ್ಯಾಸ್ಟ್ರಿಕ್ ಕಣೋ’

ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ಟೈಮಲ್ಲಿ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ರಾತ್ರಿ ಮನೆಗೆ ಫೋನ್ ಮಾಡಿದ. ಅವನ ಅಪ್ಪನಿಗೆ ಎದೆ ಉರಿ, ಮೈಯೆಲ್ಲ ಬೆವರು. "ಬರೀ ಗ್ಯಾಸ್ಟ್ರಿಕ್ ಕಣೋ, ಸೋಡಾ ಕುಡಿದಿದ್ದೀನಿ, ನೀನು ಓದ್ಕೋ" ಅಂದ್ರಂತೆ. ಬೆಳಗ್ಗೆ ಇಸಿಜಿ ತೆಗೆದಾಗ ಗೊತ್ತಾಯ್ತು, ಅದು ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿದ್ರು, ಈಗ ಹುಷಾರಾಗಿದ್ದಾರೆ. ಆದ್ರೆ ಒಂದು ಪದದಿಂದ ಇಡೀ ರಾತ್ರಿ ಕೈತಪ್ಪಿತ್ತು.

ಇಂಗ್ಲಿಷಿನಲ್ಲಿ ‘ಗ್ಯಾಸ್ಟ್ರಿಕ್’ ರೋಗದ ಹೆಸರೇ ಅಲ್ಲ. ‘ಜಠರಕ್ಕೆ ಸಂಬಂಧಿಸಿದ’ ಅನ್ನೋ ವಿಶೇಷಣ ಅಷ್ಟೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೂ ಡಿಕ್ಷನರಿ ನೋಡುವವರೆಗೆ ಇದು ಹೊಳೆದಿರಲಿಲ್ಲ. ಡಾಕ್ಟರ್ ‘ಗ್ಯಾಸ್ಟ್ರಿಕ್ ಅಲ್ಸರ್’ ಅಂತಾರೆ. ಮನೆಗೆ ಬರುವಷ್ಟರಲ್ಲಿ ಅಲ್ಸರ್ ಬಿದ್ದುಹೋಗಿ ಗ್ಯಾಸ್ಟ್ರಿಕ್ ಉಳಿಯುತ್ತೆ. ಜೊತೆಗೆ ‘ಗ್ಯಾಸ್’ ಅಂತಲೂ ಕೇಳಿಸೋದರಿಂದ ತೇಗು, ಹೊಟ್ಟೆಯುಬ್ಬರ, ಎದೆನೋವು ಎಲ್ಲವೂ ಅದರೊಳಗೆ ಸೇರಿಕೊಳ್ಳುತ್ತೆ.

‘ನಂಗೆ ಬಿಪಿ ಇದೆ’ ಅನ್ನೋದೂ ಹೀಗೇ ಮೊಟಕಾದ ಮಾತು. ಬಿಪಿ ಯಾರಿಗಿಲ್ಲ ಹೇಳಿ! ಆದ್ರೆ ಅಲ್ಲಿ ‘ಹೈ’ ಬಿಟ್ಟುಹೋದರೂ ಡಾಕ್ಟರಿಗೆ ಅರ್ಥವಾಗುತ್ತೆ. ‘ಗ್ಯಾಸ್ಟ್ರಿಕ್’ ಹಾಗಲ್ಲ, ಅದು ಡಾಕ್ಟರ್ ಹತ್ತಿರ ಹೋಗೋದನ್ನೇ ತಡೆಯುತ್ತೆ. ನಮ್ಮ ಹಳೆಯ ‘ಎದೆಯುರಿ’ ಏನಾಗ್ತಿದೆ ಅಂತ ಮಾತ್ರ ಹೇಳುತ್ತೆ. ‘ಗ್ಯಾಸ್ಟ್ರಿಕ್’ ಯಾಕಾಗ್ತಿದೆ ಅಂತ ತೀರ್ಪೇ ಕೊಟ್ಟುಬಿಡುತ್ತೆ. ಹೃದಯ ಮತ್ತು ಅನ್ನನಾಳದ ನೋವಿನ ಸಿಗ್ನಲ್‌ಗಳು ಬೆನ್ನುಹುರಿಯ ಹೆಚ್ಚುಕಮ್ಮಿ ಒಂದೇ ಜಾಗಕ್ಕೆ ಬರುತ್ತವೆ. ಒಂದೇ ಲೈನಿಗೆ ಎರಡು ಸೆನ್ಸರ್ ಹಾಕಿದ ಹಾಗೆ. ಯಾವುದರ ನೋವು ಅಂತ ಮೆದುಳಿಗೇ ಗೊಂದಲ.

ಇನ್ನು ಮಾಧ್ಯಮದ ಕಥೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಟಿವಿಯಲ್ಲಿ ‘ಹೃದಯಾಘಾತ’, ‘ಹೃದಯ ಸ್ತಂಭನ’ ಎರಡೂ ಓಡಿದವು. ಎಷ್ಟೋ ಜನ ಗಾಬರಿಯಿಂದ ಹೃದಯ ತಪಾಸಣೆಗೆ ಸಾಲು ನಿಂತರು. ಆದ್ರೆ ಎರಡೂ ಒಂದೇ ಅಲ್ಲ. ಹೃದಯಾಘಾತ ಪ್ಲಂಬಿಂಗ್ ಸಮಸ್ಯೆ: ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ಸಿಗಲ್ಲ. ಹೃದಯ ಸ್ತಂಭನದಲ್ಲಿ ಸಾಮಾನ್ಯವಾಗಿ ಕೈಕೊಡೋದು ವೈರಿಂಗ್: ಬಡಿತದ ಲಯ ಕೆಟ್ಟು ಪಂಪೇ ನಿಲ್ಲುತ್ತೆ. ಮೊದಲನೆಯದು ಎರಡನೆಯದಕ್ಕೆ ಕಾರಣವೂ ಆಗಬಹುದು.

ವ್ಯತ್ಯಾಸ ಗೊತ್ತಿದ್ರೆ ಏನು ಮಾಡಬೇಕು ಅನ್ನೋದೂ ಗೊತ್ತಾಗುತ್ತೆ. ಹೃದಯಾಘಾತ ಆದವರು ಸಾಮಾನ್ಯವಾಗಿ ಎಚ್ಚರವಿದ್ದು ಮಾತಾಡ್ತಾರೆ. ಕೂಡಲೇ 108ಕ್ಕೆ ಕರೆ ಮಾಡಿ. ಕುಸಿದುಬಿದ್ದು, ಕರೆದರೂ ಓಗೊಡದೆ, ಉಸಿರಾಟ ಸರಿಯಿಲ್ಲದಿದ್ರೆ ಅದನ್ನು ಹೃದಯ ಸ್ತಂಭನ ಅಂತಲೇ ತಿಳಿಯಬೇಕು. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಆಗಲೇ ಸಿಪಿಆರ್ ಶುರುಮಾಡಲಿ: ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ ಒತ್ತಬೇಕು.

ಈ ವಾರ ಮನೆಗೆ ಫೋನ್ ಮಾಡಿದಾಗ ಯಾರಾದ್ರೂ ‘ಗ್ಯಾಸ್ಟ್ರಿಕ್’ ಅಂದ್ರೆ ಅಲ್ಲಿಗೇ ಬಿಡಬೇಡಿ. ಎಲ್ಲಿ ನೋವು, ಬೆವರ್ತಾ ಇದೆಯಾ, ಕೈಗೋ ದವಡೆಗೋ ಎಳೀತಿದೆಯಾ ಅಂತ ಕೇಳಿ. ‘ಹೌದು’ ಅಂದ್ರೆ ಇಸಿಜಿಗೆ ಹೊರಡಿಸಿ. ರೋಗದ ಹೆಸರನ್ನು ಡಾಕ್ಟರೇ ಹೇಳಲಿ.