ಎಂಜಿನ್ನಿನ ಎಣ್ಣೆ ಕಾದಾಗ

ಗೋವೆಯ ಕಡೆಯಿಂದ ಚೋರ್ಲಾ ಘಟ್ಟವನ್ನೇರಿ ಬೆಳಗಾವಿಗೆ ಬರುವ ಕಾರುಗಳು ಘಟ್ಟದ ನೆತ್ತಿಯಲ್ಲಿ, ಖಾನಾಪುರ ತಾಲ್ಲೂಕಿನ ಕಣಕುಂಬಿಯ ಆಸುಪಾಸಿನಲ್ಲಿ, ಚಹಕ್ಕೆಂದು ನಿಲ್ಲುವುದುಂಟು. ಚಾಲಕನು ಕಾರನ್ನು ರಸ್ತೆಯ ಅಂಚಿಗೆ ತಂದು, ನಿಂತ ಕ್ಷಣವೇ ಎಂಜಿನ್ನನ್ನು ಆರಿಸಿ ಇಳಿಯುತ್ತಾನೆ. ಕಾಡಿನ ತಂಗಾಳಿ ಮೈಗೆ ಸೋಕುತ್ತದೆ. ಪ್ರಯಾಸದ ಹಾದಿ ಮುಗಿಯಿತೆಂದು ಮನಸ್ಸಿಗೆ ಸಮಾಧಾನ. ಆದರೆ ಕಾರು ಟರ್ಬೊ ಜೋಡಿಸಿದ ಎಂಜಿನ್ನಿನದಾಗಿದ್ದರೆ, ಅದರೊಳಗಿನ ಎಣ್ಣೆಗೆ ಅತಿ ಕಠಿಣವಾದ ಗಳಿಗೆ ಆಗ ಒದಗಿ ಬಂದಿರುತ್ತದೆ. ಓಡುವಾಗ ಆಗದ ಕೇಡು ನಿಂತಾಗ ಆಗುವುದು ವಿಚಿತ್ರವೇ ಸರಿ. ಇದರ ಮರ್ಮವನ್ನು ಅರಿಯಬೇಕಾದರೆ ನಾವು ಎಣ್ಣೆಯ ವೃತ್ತಾಂತವನ್ನು ಮೊದಲಿನಿಂದ ನೋಡಬೇಕು.

ಎಣ್ಣೆಯು ಲೋಹದ ಭಾಗಗಳನ್ನು ಜಾರುವಂತೆ ಮಾಡುತ್ತದೆ ಎಂದಷ್ಟೇ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಅದು ಮಾಡುವ ಕೆಲಸ ಇದಕ್ಕಿಂತ ದೊಡ್ಡದು. 1883ರಲ್ಲಿ ಇಂಗ್ಲೆಂಡಿನ ಬೀಚಂ ಟವರ್ ಎಂಬ ಎಂಜಿನಿಯರನು ರೈಲು ಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಹಾಕುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತನ್ನು ಕೊರೆದಿದ್ದನು. ಅಚ್ಚು ತಿರುಗತೊಡಗಿದಾಗ ಎಣ್ಣೆಯು ಒಳಗಿಳಿಯುವ ಬದಲು ಆ ತೂತಿನಿಂದಲೇ ಉಕ್ಕಿ ಹೊರಚೆಲ್ಲಿತು! ಬಿರಡೆ ಜಡಿದನು, ಅದು ಹಾರಿತು. ಮರದ ಬೆಣೆ ಹೊಡೆದನು, ಅದೂ ಮೇಲೆದ್ದಿತು. ಕೊನೆಗೆ ಒತ್ತಡದ ಮಾಪಕವನ್ನು ಜೋಡಿಸಿ ನೋಡಿದರೆ, ಬೇರಿಂಗಿನ ಮೇಲಿದ್ದ ಸರಾಸರಿ ಭಾರದ ಎರಡು ಪಟ್ಟಿಗೂ ಮಿಕ್ಕಿದ ಒತ್ತಡ ಒಳಗಿನ ಎಣ್ಣೆಯಲ್ಲಿತ್ತು. ಎಂದರೆ, ತಿರುಗುವ ಅಚ್ಚು ತನ್ನೊಡನೆ ಎಣ್ಣೆಯನ್ನು ಇಕ್ಕಟ್ಟಿನೊಳಕ್ಕೆ ಎಳೆದೊಯ್ದು, ಆ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ. ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ಆಧಾರವನ್ನು ಒದಗಿಸಿದನು. ಪೊರೆಯ ದಪ್ಪ ಮೂರು ಸಂಗತಿಗಳನ್ನು ಅವಲಂಬಿಸಿದೆ. ಎಣ್ಣೆಯ ಸ್ನಿಗ್ಧತೆ, ಎಂದರೆ ಹರಿಯಲೊಲ್ಲದ ಅದರ ಮಂದಗುಣ, ಹೆಚ್ಚಿದಷ್ಟೂ, ತಿರುಗುವ ವೇಗ ಹೆಚ್ಚಿದಷ್ಟೂ ಪೊರೆ ದಪ್ಪವಾಗುತ್ತದೆ. ಭಾರ ಹೆಚ್ಚಿದಷ್ಟೂ ತೆಳುವಾಗುತ್ತದೆ. ಕಾರಿನ ಎಂಜಿನ್ನಿನಲ್ಲಿ ಈ ಪೊರೆಗೆ ಮಿಲಿಮೀಟರಿನ ಕೆಲವೇ ಸಾವಿರದ ಭಾಗಗಳಷ್ಟು ದಪ್ಪ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಲ್ಲಿ ಲೋಹವನ್ನು ಕಡೆದು ನಯಗೊಳಿಸುವವರು ಇಂಥ ಸೂಕ್ಷ್ಮ ಅಳತೆಗಳೊಡನೆ ದಿನವೂ ಸೆಣಸುವವರು; ಅವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಈ ಮೂರರಲ್ಲಿ ಉಷ್ಣತೆಗೆ ಸುಲಭವಾಗಿ ಸೋಲುವುದು ಸ್ನಿಗ್ಧತೆ. ಈಗಿನ ಕಾರುಗಳಲ್ಲಿ ಬಳಕೆಯಲ್ಲಿರುವ 5ಡಬ್ಲ್ಯು-30 ಎಂಬ ದರ್ಜೆಯ ಎಣ್ಣೆಯನ್ನು ತೆಗೆದುಕೊಳ್ಳೋಣ. 40 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದರ ಸ್ನಿಗ್ಧತೆ ಎಷ್ಟಿರುವುದೋ, 100 ಡಿಗ್ರಿಯಲ್ಲಿ ಅದರ ಸುಮಾರು ಆರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. 130ಕ್ಕೇರಿದರೆ ಆ ಪಾಲಿನಲ್ಲಿಯೂ ಸುಮಾರು ಅರ್ಧ ಹೋಗುತ್ತದೆ. ಎಂಜಿನ್ನುಗಳನ್ನು ರಚಿಸುವವರು 90ರಿಂದ 110 ಡಿಗ್ರಿಯವರೆಗಿನ ಉಷ್ಣತೆಯನ್ನು ಎಣ್ಣೆಯ ಸಹಜಸ್ಥಿತಿಯೆಂದೆಣಿಸಿ ಲೆಕ್ಕ ಹಾಕಿರುತ್ತಾರೆ. ಸ್ವಲ್ಪ ಹೊತ್ತು ಅದು 120 ದಾಟಿದರೆ ಅನರ್ಥವೇನೂ ಇಲ್ಲ. ಅಲ್ಲಿಯೇ ನೆಲೆಸಿದರೆ ಯೋಚಿಸಬೇಕು. ಏಕೆಂದರೆ ಬಿಸಿಯೆಣ್ಣೆ ತೆಳುವಾಗುವುದಷ್ಟೇ ಅಲ್ಲ, ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಡುತ್ತಲೂ ಹೋಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದಾಗಲೆಲ್ಲ ಕೆಡುವ ವೇಗ ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರಜ್ಞರ ಸ್ಥೂಲ ನಿಯಮ.

ಇನ್ನು ಟರ್ಬೊ. ಎಂಜಿನ್ನು ಹೊರಹಾಕುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಗಾಳಿಯನ್ನು ಎಂಜಿನ್ನಿನೊಳಕ್ಕೆ ಒತ್ತಿ ತುಂಬುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಹಕ್ಕುಪತ್ರ ಪಡೆದನು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬುವನು ಟರ್ಬೊ ಜೋಡಿಸಿದ ವಿಮಾನದ ಎಂಜಿನ್ನೊಂದನ್ನು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ಮೇಲಕ್ಕೆ ಒಯ್ದು, ತೆಳುಗಾಳಿಯಲ್ಲಿಯೂ ಅದು ಬಲಗುಂದದೆಂದು ತೋರಿಸಿಕೊಟ್ಟನು. ಸಾಮಾನ್ಯರ ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿಯೇ. ಇಂದು ನಮ್ಮ ಊರುಗಳಲ್ಲಿ ಓಡುವ ಡೀಸೆಲ್ ಕಾರುಗಳಿಗೆಲ್ಲ ಬಹುಮಟ್ಟಿಗೆ ಟರ್ಬೊ ಇದೆ. ಒಂದು ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್ನುಗಳಿಗೂ ಬಂದಿದೆ. ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಅಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ತುಸು ತೆಳು. ಟರ್ಬೊ ಆ ಕೊರತೆಯನ್ನು ಇನ್ನಷ್ಟು ಜೋರಾಗಿ ತಿರುಗಿ ತುಂಬಿಕೊಡುತ್ತದೆ.

ಜೋರೆಂದರೆ ಎಷ್ಟು? ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಒಂದೂವರೆ ಲಕ್ಷ, ಕೆಲವೊಮ್ಮೆ ಎರಡು ಲಕ್ಷ ಸುತ್ತು ತಿರುಗುವುದುಂಟು. ಅದರ ಒಂದು ತುದಿಗೆ ಬಡಿಯುವ ಹೊಗೆಯ ಉಷ್ಣತೆ ಪೆಟ್ರೋಲ್ ಎಂಜಿನ್ನಿನಲ್ಲಿ 900 ಡಿಗ್ರಿಯನ್ನೂ ಮೀರಬಹುದು. ಇವೆರಡರ ನಡುವೆ ಕೈಬೆರಳಿನಷ್ಟೂ ದಪ್ಪವಿಲ್ಲದ ದಂಡವು ಎಣ್ಣೆಯ ಪೊರೆಯ ಮೇಲೆ ತೇಲುತ್ತಿರುತ್ತದೆ. ಎಣ್ಣೆ ಅದನ್ನು ತೇಲಿಸುವುದಲ್ಲದೆ ಅದರ ಶಾಖವನ್ನೂ ಹೊತ್ತೊಯ್ಯಬೇಕು. ಸಾಲದೆಂಬಂತೆ, ಇಂಥ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ತಳಕ್ಕೆ ಎಣ್ಣೆಯನ್ನು ಚಿಮ್ಮಿಸಿ ತಂಪುಗೊಳಿಸುವ ಏರ್ಪಾಡೂ ಸಾಮಾನ್ಯ. ಹೀಗೆ ಮೂರು ನಾಲ್ಕು ಲೀಟರ್ ಎಣ್ಣೆಯ ಮೇಲೆ ಎಷ್ಟೊಂದು ಹೊರೆ! ಅದು ಪಡೆದ ಶಾಖವನ್ನು ಎಂಜಿನ್ನಿನ ತಳದ ತೊಟ್ಟಿಯಲ್ಲಿ ಗಾಳಿಗೂ, ಸೋಸುಕದ ಬಳಿಯ ಪುಟ್ಟ ಶೈತ್ಯಕದಲ್ಲಿ ನೀರಿಗೂ ಒಪ್ಪಿಸಿ ಮತ್ತೆ ಹೊರಡುತ್ತದೆ.

ಎಣ್ಣೆಯನ್ನು ಕಾಯಿಸುವುದು ವೇಗವೆಂದು ಎಲ್ಲರೂ ಭಾವಿಸುತ್ತಾರೆ. ನಿಜವಾಗಿ ಕಾಯಿಸುವುದು ಎಂಜಿನ್ನಿನ ಮೇಲಿನ ಹೊರೆ, ಮತ್ತು ಆ ಹೊರೆಯನ್ನು ಹೊತ್ತ ಕಾಲ. ನಾವು ಒಂದು ಲೆಕ್ಕ ಮಾಡಿ ನೋಡಿದೆವು. ಜನರೂ ಸಾಮಾನೂ ಸೇರಿ 1,500 ಕಿಲೋಗ್ರಾಂ ತೂಗುವ ಕಾರು ಸಮತಲದಲ್ಲಿ ಗಂಟೆಗೆ 100 ಕಿಲೋಮೀಟರ್ ಓಡಲು ಗಾಲಿಗಳಿಗೆ ಸುಮಾರು 18 ಅಶ್ವಶಕ್ತಿ ಸಾಕು. 130ಕ್ಕೆ ಏರಿಸಿದರೆ ಸುಮಾರು 34 ಬೇಕು. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಂತೆ ಏರುವುದೇ ಇದಕ್ಕೆ ಕಾರಣ. (ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ವಿಧಿಸಿದ ಮಿತಿ 100. ಎಣ್ಣೆಯೂ ಸರ್ಕಾರವೂ ಈ ವಿಷಯದಲ್ಲಿ ಒಂದೇ ಮತದವು.) ಈಗ ಘಟ್ಟಕ್ಕೆ ಬರೋಣ. ನೂರು ಮೀಟರಿಗೆ ಆರು ಮೀಟರ್ ಏರುವ ದಾರಿಯಲ್ಲಿ ಅದೇ ಕಾರು ಬರೇ 50 ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು 21 ಅಶ್ವಶಕ್ತಿ ಬೇಕು. ಎಂದರೆ ಹೊರೆ ಬಯಲಿನ 100ಕ್ಕಿಂತ ಹೆಚ್ಚು, ಎದುರುಗಾಳಿಯ ತಂಪು ಮಾತ್ರ ಅರ್ಧ. ಚೋರ್ಲಾ ಘಟ್ಟವನ್ನಾಗಲಿ ಅನಮೋಡ ಘಟ್ಟವನ್ನಾಗಲಿ ಏರುವಾಗ ವೇಗದ ಮುಳ್ಳು ತಗ್ಗಿದ್ದರೂ ಎಣ್ಣೆಯ ಉಷ್ಣತೆ ಏರುವುದು ಈ ಕಾರಣದಿಂದ.

ಇದೆಲ್ಲವನ್ನೂ ಚಾಲಕನು ಕಾಣಬಾರದೆ? ಕಾಣಲಾರನು. ಬಹುಪಾಲು ಕಾರುಗಳಲ್ಲಿ ಎಣ್ಣೆಯ ಉಷ್ಣತೆಯನ್ನು ತೋರಿಸುವ ಮಾಪಕವೇ ಇಲ್ಲ. ಇದ್ದರೆ ಇರುವುದು ನೀರಿನದು. ಅದೂ ಸಣ್ಣ ಏರಿಳಿತಗಳನ್ನು ಮರೆಮಾಡಿ ನಡುವಿನಲ್ಲಿಯೇ ನಿಲ್ಲುವಂತೆ ಮಾಡಿರುತ್ತದೆ. ಡಿಸೆಂಬರಿನ ಒಂದು ಮುಂಜಾನೆ ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟಿದ್ದೇವೆಂದು ಇಟ್ಟುಕೊಳ್ಳಿ. ಹೊರಗೆ 15 ಡಿಗ್ರಿಯ ಚಳಿ. ಪೀರನವಾಡಿಯನ್ನು ದಾಟುವಷ್ಟರಲ್ಲಿ ನೀರಿನ ಮುಳ್ಳು ನಡುವಿಗೆ ಬಂದಿರುತ್ತದೆ. ಮುಂದೆ ಅಗಲವಾದ ಹೆದ್ದಾರಿ. ಕಾಲು ತಾನಾಗಿಯೇ ಒತ್ತುತ್ತದೆ. ಆದರೆ ಎಣ್ಣೆ ನೀರಿನಷ್ಟು ಬೇಗ ಕಾಯುವುದಿಲ್ಲ. ಅದಕ್ಕೆ ಎರಡು ಮೂರು ಪಟ್ಟು ದೂರ ಬೇಕು. ಮಚ್ಛೆಯ ವಿಶ್ವವಿದ್ಯಾಲಯದ ಮುಂದೆ ಸಾಗುವಾಗ ಅದಿನ್ನೂ ಮಂದವಾಗಿಯೇ ಇದ್ದು, ಟರ್ಬೊದ ಇಕ್ಕಟ್ಟಿನ ದಾರಿಗಳಲ್ಲಿ ಮನಸ್ಸಿಲ್ಲದೆ ಹರಿಯುತ್ತಿರುತ್ತದೆ. ಸುಮಾರು 26 ಕಿಲೋಮೀಟರ್ ದೂರದ ಖಾನಾಪುರ ಹತ್ತಿರವಾಗುವ ಹೊತ್ತಿಗೆ ಅದು ನಿಶ್ಚಯವಾಗಿ ಹದಕ್ಕೆ ಬಂದಿರುತ್ತದೆ. ಆದುದರಿಂದ ಚಳಿಯ ದಿನಗಳಲ್ಲಿ ಮೊದಲ ಹತ್ತು ಹದಿನೈದು ಕಿಲೋಮೀಟರುಗಳನ್ನು ಮೆಲ್ಲನೆ ನಡೆಸುವುದು ಒಳ್ಳೆಯದು.

ಟಿಳಕವಾಡಿಯ ಮನೆಯಿಂದ ಖಡೇಬಜಾರಿಗೆ ಹೋಗಿ ಬರುವುದಷ್ಟೇ ಕೆಲಸವಾಗಿರುವ ಕಾರಿನ ಪಾಡು ಬೇರೆ. ಅದರ ಎಣ್ಣೆ ಎಂದೂ ಪೂರ್ತಿ ಕಾಯುವುದಿಲ್ಲ. ಉರಿಯದೆ ಉಳಿದ ಪೆಟ್ರೋಲೂ ನೀರಾವಿಯೂ ಅದರಲ್ಲಿ ಸೇರುತ್ತವೆ. ಅವನ್ನು ಆವಿಯಾಗಿಸಿ ಓಡಿಸುವಷ್ಟು ಬಿಸಿ ಬರುವುದಿಲ್ಲ. ಆರು ದಿನ ಹೀಗೆ ಕಳೆದು, ಏಳನೆಯ ದಿನ ಮನೆಮಂದಿಯನ್ನೆಲ್ಲ ತುಂಬಿಕೊಂಡು ಘಟ್ಟದತ್ತ ಧಾವಿಸಿದರೆ, ಮೊದಲೇ ನೀರಾಗಿರುವ ಎಣ್ಣೆಯ ಮೇಲೆ ಹೊರೆ ಬೀಳುತ್ತದೆ. ಹೆಚ್ಚು ಓಡದ ಕಾರಿಗೂ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕೆಂದು ಕೈಪಿಡಿಗಳು ಹೇಳುವುದರ ಅರ್ಥ ಇದು.

ಇನ್ನು ಕಣಕುಂಬಿಯ ಚಹಕ್ಕೆ ಹಿಂದಿರುಗೋಣ. ಬೆಳಗಾವಿಯ ಕುಂದಾ ಮಾಡುವುದನ್ನು ನೋಡಿದವರಿಗೆ ಗೊತ್ತು: ಬಾಣಲೆಯಲ್ಲಿ ಹಾಲು ಬತ್ತುವಾಗ ಸೌಟು ಆಡುತ್ತಲೇ ಇರಬೇಕು. ಕೆಳಗಿನ ಉರಿ ಅಷ್ಟೇ ಇದ್ದರೂ, ಆಡುವ ಹಾಲು ಸೀಯದು. ಸೌಟು ನಿಂತರೆ ತಳ ಹತ್ತುತ್ತದೆ. ಟರ್ಬೊದಲ್ಲಿ ನಡೆಯುವುದೂ ಇದೇ. ಎಣ್ಣೆ ಹರಿಯುತ್ತಿರುವಷ್ಟು ಕಾಲ ಪ್ರತಿ ಹನಿಯೂ ಒಂದು ಕ್ಷಣ ಮಾತ್ರ ಬಿಸಿಯ ಬಳಿಯಿದ್ದು ಮುಂದೆ ಸಾಗುತ್ತದೆ. ಎಂಜಿನ್ನನ್ನು ಆರಿಸಿದೊಡನೆ ಎಣ್ಣೆಯ ಪಂಪು ನಿಲ್ಲುತ್ತದೆ. ಹೊಗೆಚಕ್ರದ ಕೆಂಡದಂಥ ಶಾಖ ದಂಡದುದ್ದಕ್ಕೂ ಹರಿದು ಬೇರಿಂಗಿಗೆ ಬರುತ್ತದೆ. ಅಲ್ಲಿ ಸಿಕ್ಕಿಕೊಂಡ ಅಷ್ಟಿಷ್ಟು ಎಣ್ಣೆ ಬೆಂದು, ಮೊದಲು ಅರಗಿನಂತಾಗಿ, ಅನಂತರ ಕರಿಕಾಗಿ ಅಂಟುತ್ತದೆ. ಒಂದು ದಿನದಲ್ಲಿ ಏನೂ ತೋರದು. ವರ್ಷಗಟ್ಟಲೆ ಇದೇ ಅಭ್ಯಾಸವಾದರೆ ಎಣ್ಣೆಯ ದಾರಿ ಕಿರಿದಾಗಿ, ದಂಡಕ್ಕೆ ಪೊರೆ ಸಾಲದೆ, ಬೇರಿಂಗು ಸವೆಯುತ್ತದೆ. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬರುತ್ತದೆ, ಎಂದೂ ಇಲ್ಲದ ಸಿಳ್ಳು ಕೇಳುತ್ತದೆ. ಆ ಮೇಲಿನ ವೆಚ್ಚ ಹತ್ತಾರು ಸಾವಿರ ರೂಪಾಯಿ.

ತಯಾರಕರು ಇದನ್ನು ಅರಿಯದವರಲ್ಲ. 1980ರ ದಶಕದಿಂದೀಚೆಗೆ ಪೆಟ್ರೋಲ್ ಕಾರುಗಳ ಟರ್ಬೊದ ಸುತ್ತ ನೀರು ಹರಿಯುವ ಕೋಶವನ್ನಿಡುವುದು ರೂಢಿಯಾಯಿತು. ಎಂಜಿನ್ನು ನಿಂತ ಮೇಲೂ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿದು ಅಲ್ಲಿ ಹರಿವು ನಡೆದಿರುತ್ತದೆ. ಕೆಲವು ಕಾರುಗಳಲ್ಲಿ ವಿದ್ಯುತ್ ಪಂಪು ಆ ಕೆಲಸ ಮಾಡುತ್ತದೆ. ಸಣ್ಣ ಡೀಸೆಲ್ ಕಾರುಗಳ ಹಲವು ಟರ್ಬೊಗಳಿಗೆ ಈ ಅನುಕೂಲವಿಲ್ಲ. ಅವುಗಳ ಹೊಗೆ ಅಷ್ಟು ಬಿಸಿಯಲ್ಲದಿದ್ದರೂ ಎಣ್ಣೆಯೊಂದೇ ಗತಿ. ನಮ್ಮ ಅಭಿಪ್ರಾಯದಲ್ಲಿ, ಯಾವ ಕಾರೇ ಇರಲಿ, ನಿಲ್ಲುವ ಮುಂಚಿನ ಒಂದೆರಡು ಕಿಲೋಮೀಟರುಗಳನ್ನು ಹಗುರಾಗಿ ನಡೆಸುವುದೇ ಉತ್ತಮ ಚಿಕಿತ್ಸೆ. ಅದಾಗದಿದ್ದರೆ ನಿಂತ ಮೇಲೆ ಒಂದೆರಡು ನಿಮಿಷ ಎಂಜಿನ್ನನ್ನು ಸುಮ್ಮನೆ ತಿರುಗಬಿಡಬೇಕು. ಖಾನಾಪುರದಿಂದ ಬೆಳಗಾವಿಗೆ ಮರಳಿದವರಿಗೆ ಇದು ಬೇಕಿಲ್ಲ; ಊರೊಳಗಿನ ಜನಸಂದಣಿಯೇ ಟರ್ಬೊವನ್ನು ತಣಿಸಿರುತ್ತದೆ.

ಎಣ್ಣೆ ಹೆಚ್ಚು ಕಾಯುತ್ತದೆಂದು ಮನಸ್ಸಿಗೆ ಬಂದಂತೆ ದಪ್ಪನೆಯ ಎಣ್ಣೆ ಸುರಿಯುವುದು ಸರಿಯಲ್ಲ. ದಪ್ಪನೆಯದನ್ನು ಕಡೆಯುವುದಕ್ಕೇ ಹೆಚ್ಚು ಶಕ್ತಿ ವ್ಯಯವಾಗಿ ಅದು ಇನ್ನಷ್ಟು ಕಾಯುತ್ತದೆ. ಕೈಪಿಡಿ ಒಪ್ಪಿದ ದರ್ಜೆಯನ್ನು ಮೀರಬಾರದು. ಅದಕ್ಕಿಂತ ಮುಖ್ಯವಾದುದು ಎಣ್ಣೆಯ ಮಟ್ಟ. ಅಳೆಯುವ ಕಡ್ಡಿಯ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವೆ ಸಾಮಾನ್ಯವಾಗಿ ಒಂದು ಲೀಟರಿನಷ್ಟು ಅಂತರ. ಮೂರೂವರೆ ಲೀಟರಿನಲ್ಲಿ ಒಂದು ಲೀಟರ್ ಕಡಿಮೆಯಾದರೆ, ಉಳಿದುದು ಅದೇ ಶಾಖವನ್ನು ಹೊತ್ತು, ವಿಶ್ರಾಂತಿಯಿಲ್ಲದೆ ಬೇಗಬೇಗನೆ ಸುತ್ತಬೇಕಾಗುತ್ತದೆ. ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಎಂಜಿನ್ನನ್ನು ಏದುಸಿರು ಬಿಡಿಸುವ ಅಭ್ಯಾಸವೂ ಕೆಟ್ಟದ್ದು: ಭಾರ ಹೆಚ್ಚು, ತಿರುಗುವ ವೇಗ ಕಡಿಮೆ, ಎಣ್ಣೆ ಕಾದು ತೆಳು. ರೆನಾಲ್ಡ್ಸನ ಮೂರು ಸಂಗತಿಗಳೂ ಒಟ್ಟಿಗೆ ವಿರುದ್ಧವಾಗಿ ನಿಂತಂತಾಗುತ್ತದೆ. ಒಂದು ಗೇರು ಇಳಿಸಿದರೆ ಪೊರೆಗೆ ಉಸಿರು ಬರುತ್ತದೆ.

ಎಂಜಿನ್ನನ್ನು ಸ್ವಲ್ಪ ಹೊತ್ತು ತಿರುಗಬಿಡಬೇಕೆಂಬ ಮಾತಿಗೆ ಒಂದು ಅಪವಾದವುಂಟು. ಎದುರಿನ ಫಲಕದಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿಕೊಂಡರೆ, ಅದು ಎಣ್ಣೆಯ ಒತ್ತಡವೇ ಬಿದ್ದುಹೋದುದರ ಸೂಚನೆ. ಆಗ ಘಟ್ಟವಾಗಲಿ ಬಯಲಾಗಲಿ, ಕಾರನ್ನು ಸುರಕ್ಷಿತವಾಗಿ ಬದಿಗೆ ತಂದೊಡನೆ ಎಂಜಿನ್ನನ್ನು ಆರಿಸಬೇಕು. ಮುಂದಿನ ಊರಿನವರೆಗೆ ಹೋಗಿ ನೋಡೋಣವೆನ್ನಬಾರದು.